ನರಿ ನೆಟ್ಟ ತೆಂಗಿನಕಾಯಿ

ಸಮುದ್ರದ ನಡುವೆ ಒಂದು ಕಾಡಿತ್ತು. ಸುತ್ತ ಉಪ್ಪುನೀರು, ಒಳಗೆ ಒಂದೇ ಒಂದು ಸಿಹಿನೀರಿನ ಗುಂಡಿ. ಆ ದ್ವೀಪದಲ್ಲಿ ಕೋತಿ, ಮೊಲ, ಅಳಿಲುಗಳು ಹೊಂದಿಕೊಂಡು ಬಾಳುತ್ತಿದ್ದವು.

ಒಂದು ದಿನ ಅಲ್ಲಿಗೆ ಒಂದು ನರಿ ಬಂತು. ಹೇಗೆ ಬಂತು ಅಂತೀರಿ? ಟೊಳ್ಳು ಮರದ ದೋಣಿಯಲ್ಲಿ ಕೂತು, ಬಾಲವನ್ನೇ ಹಾಯಿಯಂತೆ ಎತ್ತಿ ಹಿಡಿದು ಬಂತು. ಆ ಬಾಲಕ್ಕೆ ಗಾಳಿ ತುಂಬಿದರೆ ತಿಮಿಂಗಿಲವೂ ಹಿಂದೆ ಬೀಳುತ್ತಿತ್ತು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗುವುದು, ಅಲ್ಲಿಯವರ ಮನೆಯಲ್ಲಿ ಉಂಡು ಮಲಗುವುದು, ಇದೇ ಅದರ ಕೆಲಸ.

ಕೋತಿಯಜ್ಜಿ ಅದನ್ನು ತನ್ನ ಮನೆಗೆ ಕರೆದುಕೊಂಡು ಹೋಯಿತು. ಮಳೆಗಾಲ ಪೂರ್ತಿ ನರಿ ಅಲ್ಲೇ ಉಳಿಯಿತು. ಅಜ್ಜಿಯ ಮೊಮ್ಮಗಳು ಪುಟ್ಟಿ ಅದರ ಬಾಲ ಹಿಡಿದು ಜೋಕಾಲಿ ಆಡುತ್ತಿತ್ತು.

ಹೊರಡುವ ದಿನ ಅಜ್ಜಿ ಒಂದು ಬಲಿತ ತೆಂಗಿನಕಾಯಿ ತಂದುಕೊಟ್ಟಿತು. "ನರಿಯಪ್ಪಾ, ಇದು ನಮ್ಮಲ್ಲಿಯ ವಾಡಿಕೆ. ಬಂದ ನೆಂಟರು ಹೋಗುವ ಮುಂಚೆ ದಡದಲ್ಲಿ ಒಂದು ಕಾಯಿ ನೆಡಬೇಕು. ನೀರು ನಾವು ಹಾಕುತ್ತೇವೆ. ಮತ್ತೆ ಯಾವಾಗ ಬಂದರೂ ಅದರ ಎಳನೀರು ನಿನ್ನದು. ನೀನು ಬಾರದಿದ್ದರೆ ಬಾಯಾರಿದವರದು."

"ಆಗಲಿ ಅಜ್ಜಿ. ನೀವು ಯಾರೂ ದಡಕ್ಕೆ ಬರಬೇಡಿ. ನಿಮ್ಮ ಮುಖ ನೋಡಿದರೆ ನನಗೆ ಅಳು ಬರುತ್ತದೆ," ಅಂತು ನರಿ.

ದಡಕ್ಕೆ ಹೋದದ್ದೇ ತಡ, ಕಾಯಿ ಒಡೆದು ನೀರು ಕುಡಿಯಿತು. ತಿರುಳು ಕೆರೆದು ತಿಂದಿತು. ಖಾಲಿ ಚಿಪ್ಪನ್ನು ಮರಳಲ್ಲಿ ಹೂತು, ಗುರುತಿಗೆ ಒಂದು ಕೋಲು ಚುಚ್ಚಿ ಬಾಲ ಎತ್ತಿತು. "ಕಾಯುತ್ತಾ ಕೂತಿರಲಿ ಪೆದ್ದರು," ಅಂತ ದಾರಿಯುದ್ದಕ್ಕೂ ನಕ್ಕಿತು.

ಅಜ್ಜಿ ದಿನವೂ ಆ ಕೋಲಿನ ಬುಡಕ್ಕೆ ನೀರು ಹೊಯ್ಯಿತು. ವರ್ಷ ಕಳೆದರೂ ಮೊಳಕೆ ಬರಲಿಲ್ಲ.

"ಅಜ್ಜಿ, ಒಮ್ಮೆ ಅಗೆದು ನೋಡಲಾ?" ಅಂತು ಮೊಲ.

"ನೆಂಟ ನೆಟ್ಟದ್ದನ್ನು ಅಗೆಯುವುದೇ? ಅವನನ್ನು ಕಳ್ಳ ಅಂದ ಹಾಗಾಗುತ್ತದೆ. ಸುಮ್ಮನಿರು, ತಡವಾಗಿ ಬರುತ್ತದೆ."

ಆಮೇಲೆ ಮಳೆ ನಿಂತೇ ಹೋಯಿತು. ಗುಂಡಿಯ ತಳ ಕಂಡಿತು. ದಡದ ಹಳೆಯ ತೆಂಗುಗಳಲ್ಲೂ ಎಳನೀರು ಮುಗಿಯಿತು. ಮನೆಗೆ ದಿನಕ್ಕೆ ಒಂದು ಚಿಪ್ಪು ನೀರು, ಅಷ್ಟೇ. ಅಜ್ಜಿ ತನ್ನ ಚಿಪ್ಪಿನಲ್ಲಿ ಅರ್ಧವನ್ನು ನೆಂಟನ ಕಾಯಿಗೇ ಹಾಕಿತು. "ಇದು ಮರವಾದರೆ ನಿನಗೂ ಎಳನೀರು ಪುಟ್ಟಿ," ಅಂತು. ಉಳಿದರ್ಧ ಪುಟ್ಟಿಗೆ ಸಾಲಲಿಲ್ಲ. ಒಂದು ಬೆಳಿಗ್ಗೆ ಪುಟ್ಟಿ ಏಳಲೇ ಇಲ್ಲ. ಅವತ್ತೂ ಅಜ್ಜಿ ಕೋಲಿನ ಬುಡಕ್ಕೆ ನೀರು ಹೊಯ್ಯಿತು.

ಅದೇ ಬರದಲ್ಲಿ ನರಿಯ ದೋಣಿ ಬಂಡೆಗೆ ಬಡಿದು ಒಡೆಯಿತು. ನರಿ ತೇಲುತ್ತಾ ಬಂದು ಅದೇ ದಡಕ್ಕೆ ಬಿತ್ತು. ನಾಲಿಗೆ ಒಣಗಿ ಹಲಗೆಯಾಗಿತ್ತು.

"ಅಜ್ಜಿ, ಒಂದು ಗುಟುಕು ನೀರು."

"ಬಂದೆಯಾ ನರಿಯಪ್ಪಾ. ಇವತ್ತಿನ ನೀರು ಹಂಚಿ ಮುಗಿಯಿತಲ್ಲ. ನಿನ್ನ ಕಾಯಿ ಇನ್ನೂ ಮೊಳೆತಿಲ್ಲ. ಈಗ ನೀನೇ ಇದ್ದೀಯ, ನಿನ್ನೆದುರೇ ಅಗೆಯೋಣ. ಒಳಗೆ ನೀರಿದ್ದರೆ ಕುಡಿ."

"ಬೇಡ ಅಜ್ಜಿ, ಅಗೆಯುವುದು ಬೇಡ."

ಮೊಲ ಆಗಲೇ ಅಗೆದಿತ್ತು. ಚಿಪ್ಪು ಹೊರಗೆ ಬಂತು. ಒಳಗೆಲ್ಲ ಹಲ್ಲಿನ ಗೆರೆ.

ಅಜ್ಜಿ ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿತು. ಆಮೇಲೆ ಮೊಲ ಅಗೆದ ಕುಳಿಯೊಳಗಿನ ಮರಳು ತೋರಿಸಿತು.

"ನನ್ನ ಪುಟ್ಟಿಯ ಪಾಲಿನ ನೀರು ಇಲ್ಲಿದೆ. ಬೆಳಿಗ್ಗೆ ಹೊಯ್ದದ್ದು, ಇನ್ನೂ ಒದ್ದೆಯಾಗಿದೆ. ನೆಕ್ಕು."

ನರಿ ನೆಕ್ಕಿತು. ಬಾಯಿ ತುಂಬ ಮರಳು ಬಂತು, ನೀರು ಬರಲಿಲ್ಲ. ಸಂಜೆಯ ಹೊತ್ತಿಗೆ ಆ ದೊಡ್ಡ ಬಾಲ ಮರಳ ಮೇಲೆ ಬಿತ್ತು. ಮತ್ತೆ ಯಾವ ಗಾಳಿಗೂ ಏಳಲಿಲ್ಲ.

ಮುಂದಿನ ವರ್ಷ ಮಳೆ ಬಂತು. ಒಂದು ಆಮೆಯೂ ಬಂತು, ಪಾಪದ ಪ್ರಾಣಿ. ಹೊರಡುವಾಗ, "ಅಜ್ಜಿ, ನಿಮ್ಮ ವಾಡಿಕೆಯಂತೆ ಒಂದು ಕಾಯಿ ಕೊಡು, ನೆಟ್ಟು ಹೋಗುತ್ತೇನೆ," ಅಂತು. ಅಜ್ಜಿ ಮುಖ ತಿರುಗಿಸಿ ಕೂತಿತು. ಆಮೆ ಬಹಳ ಹೊತ್ತು ಕಾದು, ಬರಿಗೈಯಲ್ಲಿ ಸಮುದ್ರಕ್ಕೆ ಇಳಿಯಿತು.

ನೀತಿ: ಅನ್ನ ಕೊಟ್ಟವರ ನಂಬಿಕೆಗೆ ಮೋಸ ಮಾಡುವವನು ತಾನೂ ಕೆಡುತ್ತಾನೆ, ತನ್ನ ಹಿಂದೆ ಬರುವ ಒಳ್ಳೆಯವರ ದಾರಿಯನ್ನೂ ಮುಚ್ಚುತ್ತಾನೆ.