ಕಂಬಕ್ಕೆ ಒರಗಿದವನ ಲೆಕ್ಕ

ಹೊಳೆಯ ಹೆಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನೀವು ಬೇಕಾದ್ದು ಇಟ್ಟುಕೊಳ್ಳಿ. ದಡದಲ್ಲೊಂದು ಮಠವಿತ್ತು, ಅದಂತೂ ದಿಟ.

ಆ ಸೀಮೆಯ ಪಾಳೆಯಗಾರನಿಗೆ ಮೀಸೆ ಇತ್ತೋ ಇಲ್ಲವೋ, ಹುಚ್ಚಂತೂ ಇತ್ತು. ಒಂದೇ ಕೊಲೆಗೆ ಇಬ್ಬರು ಸಿಕ್ಕಿಬಿದ್ದರೆ ಇಬ್ಬರನ್ನೂ ಚದುರಂಗಕ್ಕೆ ಕೂರಿಸುತ್ತಿದ್ದ. ಸೋತವನು ಹೊಳೆಪಾಲು. ಹೊತ್ತು ಮುಳುಗಿದರೂ ಆಟ ಮುಗಿಯದಿದ್ದರೆ, ಯಾರ ಕೈ ಮೇಲೆಂದು ಮಠ ಹೇಳಬೇಕು.

ಹಾಗೆ ಒಂದು ಆಟ ಮುಗಿಯದೆ ಉಳಿದ ದಿನ ಮಠದ ಗುರುಗಳಾದ ಅಜ್ಜಯ್ಯನವರು ಊರಲ್ಲಿರಲಿಲ್ಲ. ಆಟ ನಿಂತ ಮಣೆ ಶಿಷ್ಯ ಶಿವಲೆಂಕನ ಮುಂದೆ ಬಂತು.

ಅವನಿಗೆ ಒಳಗೊಳಗೇ ಹಿಗ್ಗು. ಆನೆಗೆ ಇಷ್ಟು ಹುಣಸೆಬೀಜ, ಕುದುರೆಗೆ ಇಷ್ಟು, ಕಾಲಾಳು ಮುಂದೊತ್ತಿದರೆ ಮನೆಗೊಂದು ಬೀಜ ಹೆಚ್ಚು ಎಂದು ಲೆಕ್ಕ ಕಟ್ಟಿದವನೇ ಅವನು. ಜಗುಲಿಯ ಕಂಬಕ್ಕೆ ಒರಗಿ ಎಣಿಸಿದ.

"ಕೆಂಪಿನದು ಮೇಲು."

ಕಪ್ಪು ಆಡಿದ್ದ ಮಾಳ ಕೈಮುಗಿದ. "ಬುದ್ಧೀ, ಒಂದು ಸಲ ಈ ಕಡೆ ಬಂದು ನೋಡಿ."

"ಲೆಕ್ಕಕ್ಕೆ ಆ ಕಡೆ ಈ ಕಡೆ ಉಂಟೇನೋ?"

ಮಾಳನನ್ನು ಹೊಳೆಗೆ ನೂಕಿದರು.

ಬೆಳಗ್ಗೆ ಅಜ್ಜಯ್ಯ ಬಂದರು. ಎಲ್ಲ ಕೇಳಿಸಿಕೊಂಡರು. ಕೆಂಪು ಕಾಯಿ ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಕೆಂಪು ಇಟ್ಟು, ಮಣೆಯನ್ನು ಅರ್ಧ ಸುತ್ತು ತಿರುಗಿಸಿದರು.

"ಎಣಿಸಪ್ಪ."

ಅದೇ ಕಂಬಕ್ಕೆ ಒರಗಿ ಎಣಿಸಿದ. "ಕೆಂಪಿನದೇ ಮೇಲು, ಅಜ್ಜಯ್ಯ."

"ಹೌದಾ? ಆಟ ನಿನ್ನೆಯದೇ, ಬಣ್ಣ ಮಾತ್ರ ಅದಲುಬದಲು. ನಿನ್ನೆ ಕೆಂಪು ಗೆದ್ದಿದ್ದರೆ ಇವತ್ತು ಕಪ್ಪು ಗೆಲ್ಲಬೇಕಲ್ಲ?"

ಶಿವಲೆಂಕ ಮತ್ತೊಮ್ಮೆ ಎಣಿಸಿದ, ಅಷ್ಟೇ ಬಂತು.

"ಮಾಳನ ಕಾಲಾಳು ಎಷ್ಟು ದೂರ ಬಂದಿದೆ ಅಂತ ಎಲ್ಲಿಂದ ಅಳೆದೆ?"

"ಇಲ್ಲಿಂದ..." ಬೆರಳು ತನ್ನ ಮೊಣಕಾಲಿನತ್ತಲೇ ಹೋಯಿತು.

ಕಂಬ ಇದ್ದದ್ದು ಕೆಂಪಿನ ಕಡೆ. ಮಾಳನ ಕಾಲಾಳುಗಳು ಹೆಚ್ಚುಕಡಿಮೆ ಇಡೀ ಮಣೆ ದಾಟಿ ಶಿವಲೆಂಕನ ಮೊಣಕಾಲಿನವರೆಗೆ ನುಗ್ಗಿ ಬಂದಿದ್ದವು. ಅವನು ತನ್ನ ಕಡೆಯಿಂದಲೇ ಅಳೆದು ಅವನ್ನು ಹೆಜ್ಜೆಯೇ ಇಡದವೆಂದು ಎಣಿಸಿದ್ದ.

"ಬೇಕಂತ ಮಾಡಲಿಲ್ಲ ಅಜ್ಜಯ್ಯ. ನನಗೆ ಇಬ್ಬರೂ ಒಂದೇ. ಇಬ್ಬರಿಗೂ ಒಂದೇ ಅಳತೆ ಹಿಡಿದೆ."

"ಹಿಡಿದೆಯಪ್ಪ. ಕೂತಲ್ಲಿಂದ ಏಳದೆ ಹಿಡಿದೆ."

ಹೊಳೆ ತುಂಬಿ ಹರಿಯುತ್ತಿತ್ತು. ಶಿವಲೆಂಕ ಅತ್ತ ತಿರುಗಲಾರದೆ ಕೇಳಿದ, "ಈಗೇನು ಮಾಡಲಿ?"

ಅಜ್ಜಯ್ಯ ಕಾಯಿಗಳನ್ನು ನಿನ್ನೆಯ ಹಾಗೆಯೇ ಜೋಡಿಸಿ, ಮಣೆಯನ್ನು ಅಲುಗದಂತೆ ಎತ್ತಿ ಅವನ ಕೈಗಿಟ್ಟರು.

"ಆಚೆ ದಡದಲ್ಲಿ ಮಾಳನ ತಾಯಿ ಕೂತಿದ್ದಾಳೆ. ಹೋಗಿ ಅವಳ ಪಕ್ಕದಲ್ಲಿ ಕೂತು ಎಣಿಸು."