ಬುಟ್ಟಿಯಲ್ಲಿ ಉಳಿದ ಹಕ್ಕಿಗಳು

ಏನಾದರೂ ಕೇಳುವ ಮೊದಲು ಚಾಪೆಯ ಅಂಚಿನ ಬಿಡಿ ಎಳೆಗಳನ್ನು ಬೆರಳಿನಿಂದ ಒಳಗೆ ಸೇರಿಸುವುದು ವಿಮಲಾಕ್ಷಿಯ ಅಭ್ಯಾಸ. ಆ ದಿನ ಎಳೆಗಳೆಲ್ಲ ಮುಗಿದರೂ ಮಾತು ಹೊರಡಲಿಲ್ಲ. ಕೊನೆಗೆ ತಲೆಯೆತ್ತದೆ ಕೇಳಿದಳು:

"ಗುರುಗಳೇ, ಚಾರುಮತಿಯೂ ನಾನೂ ಒಂದೇ ದಿನ ಆಶ್ರಮಕ್ಕೆ ಬಂದವರು, ಒಂದೇ ಪಾಠ ಕೇಳಿದವರು. ಅವಳೀಗ ಊರೂರಲ್ಲಿ ಪ್ರವಚನ ಮಾಡುತ್ತಾಳೆ. ನನಗೆ ನಾಲ್ಕು ಜನರೆದುರು ಬಾಯೇ ಬರುವುದಿಲ್ಲ. ಇಲ್ಲಿದ್ದು ಏನು ಮಾಡಲಿ? ಮನೆಗೆ ಹೋಗಿಬಿಡಲೇ?"

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಫ್ರಾನ್ಸ್ ದೇಶದಲ್ಲಿ ಒಬ್ಬ ಬಡಗಿಯಿದ್ದ. ಬರೆಯುವ ಮೇಜುಗಳ ಮೇಲೆ ಬಣ್ಣಬಣ್ಣದ ಮರದ ತೆಳು ಹಾಳೆಗಳಿಂದ ಚಿತ್ರ ಕೂರಿಸುವುದು ಅವನ ಕಸುಬು. ಒಬ್ಬ ವರ್ತಕನಿಗಾಗಿ ಅವನು ಕಪ್ಪು ಹಾಳೆಯ ಮೇಲೆ ಹಳದಿ ಹಾಳೆಯಿಟ್ಟು, ಎರಡನ್ನೂ ಒಟ್ಟಿಗೆ ಬಿಗಿದು, ಕೂದಲೆಳೆಯಂಥ ಗರಗಸದಿಂದ ಹಕ್ಕಿಗಳನ್ನು ಕೊಯ್ದ. ಕಪ್ಪು ಹಾಳೆಯೊಳಗೆ ಹಳದಿ ಹಕ್ಕಿಗಳನ್ನು ಕೂರಿಸಿ ಮೇಜಿಗೆ ಅಂಟಿಸಿದ. ನೋಡಲು ಊರೇ ಬಂತು.

ಮೇಜು ವರ್ತಕನ ಮನೆ ಸೇರಿದ ಮೇಲೆ ಬಡಗಿಯ ಹೆಂಡತಿ ಬುಟ್ಟಿಯಲ್ಲಿ ಉಳಿದದ್ದನ್ನು ಎತ್ತಿದಳು. ತೂತುಬಿದ್ದ ಹಳದಿ ಹಾಳೆ, ಒಂದಿಷ್ಟು ಕಪ್ಪು ಚೂರು.

"ಒಲೆಗೆ ಹಾಕಲಾ? ಚೆಂದದ್ದೆಲ್ಲ ನಿನ್ನ ಸಾಹುಕಾರನ ಪಾಲಾಯಿತಲ್ಲ."

"ತಾಳು ಮಾರಾಯ್ತಿ. ಗರಗಸ ಎರಡರಲ್ಲೂ ಒಂದೇ ಸಲ ಓಡಿದೆ."

ಅವನು ಕಪ್ಪು ಚೂರುಗಳನ್ನು ಒಂದೊಂದಾಗಿ ಹಳದಿ ಹಾಳೆಯ ತೂತುಗಳಲ್ಲಿ ಇಟ್ಟ. ಎಲ್ಲೂ ಸಂದಿಲ್ಲದೆ ಕೂತವು. ಬೆಳಗಿನ ಆಕಾಶದಲ್ಲಿ ಹಾರುವ ಹಾಗೆ ಕಪ್ಪು ಹಕ್ಕಿಗಳ ಇನ್ನೊಂದು ಮೇಜಾಯಿತು.

ವರ್ತಕ ಅದನ್ನು ಕಂಡು ಹಕ್ಕಿಗಳ ಮೇಲೆ ಬೆರಳಾಡಿಸಿದ. "ಇದು ನನ್ನ ಮೇಜಿನ ನಕಲೋ?" ಎಂದ.

"ಅಲ್ಲ ಸ್ವಾಮಿ. ಎರಡೂ ಒಟ್ಟಿಗೆ ಹುಟ್ಟಿದವು. ಇದನ್ನು ಜೋಡಿಸಲು ನಾನೇ ತಡ ಮಾಡಿದೆ."

ಕತೆ ಅಲ್ಲಿಗೆ ನಿಂತಿತು. ವಿಮಲಾಕ್ಷಿ ಮೊದಲ ಸಲ ತಲೆಯೆತ್ತಿದಳು.

"ಹಾಗಾದರೆ ನಾನೂ ಒಂದು ದಿನ ಚಾರುಮತಿಯಂತೆ ಮಾತಾಡುತ್ತೇನೆಯೇ?"

ಗುರುಗಳು ನಕ್ಕರು.

"ಬೇಡ ತಾಯಿ, ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಪ್ರವಚನ ಕೇಳಲು ಬರುವುದಿಲ್ಲ, ತಮ್ಮದನ್ನು ಯಾರಿಗಾದರೂ ಹೇಳಿಕೊಳ್ಳಲು ಬರುತ್ತಾರೆ—ನಾಳೆಯಿಂದ ಅವರ ಹತ್ತಿರ ನೀನು ಕೂರುತ್ತೀಯಾ?"