ಅಂಗಿಗೆ ಬಂದ ಒಂಬತ್ತು ಸಾವಿರ ಮಂದಿ

ಹೊಳೆನಾಡು ಅಂತ ಒಂದು ರಾಜ್ಯ. ಅದಕ್ಕೆ ಸಿಂಗರಾಜ ಅಂತ ಒಬ್ಬ ದೊರೆ. ಆ ರಾಜ್ಯದಲ್ಲಿ ಆನೆಯೂ ಇತ್ತು, ಕಂಪ್ಯೂಟರೂ ಇತ್ತು. ಹೇಗೆ ಅಂತ ಕೇಳಬೇಡಿ, ಇತ್ತು.

ನಾಡಿನ ನಡುವೆ ದೊಡ್ಡ ಹೊಳೆ. ಹಿಂದಿನ ಮಳೆಗಾಲ ಹೊಳೆ ಉಕ್ಕಿದಾಗ ದೋಣಿ ಎಲ್ಲಿದೆ ಅಂತ ತಿಳಿಯದೆ ದಡದಲ್ಲೇ ಕಾದು ನಿಂತ ಹನ್ನೊಂದು ಜನ ಕೊಚ್ಚಿಹೋಗಿದ್ದರು. ಅದಕ್ಕೇ ದೊರೆ ದೋಣಿ ಸುದ್ದಿ ಹೇಳೋ ಒಂದು ಸಾಫ್ಟ್‌ವೇರ್ ಮಾಡಿಸಿದ. ಆದರೆ ಊರೂರಲ್ಲಿ ಕೋಡ್ ಬರೆಯೋರು ಅದನ್ನ ತಂತಮ್ಮ ಆ್ಯಪಿಗೆ ಸೇರಿಸಿಕೊಂಡರೆ ಮಾತ್ರ ಅದು ಜನರ ಫೋನಿಗೆ ಮುಟ್ಟೋದು. ಅವರನ್ನ ಒಲಿಸಿ ಕರೆತರೋ ಕೆಲಸ ಚಂಪಕರಾಯನದು. ಅವನ ಕೈಕೆಳಗೆ ನೀಲವ್ವ. ಕೊಚ್ಚಿಹೋದ ಹನ್ನೊಂದು ಜನರಲ್ಲಿ ಅವಳ ಅಕ್ಕನೂ ಒಬ್ಬಳು.

ಚಂಪಕರಾಯ ಮೊದಲ ಸಭೆ ಕರೆದ. ಬಂದವರಿಗೆಲ್ಲ ಬಣ್ಣದ ಅಂಗಿ ಹಂಚಿದ. ಸಾವಿರ ಮಂದಿ ಬಂದರು. ಎರಡನೇ ಸಭೆಗೆ ಅಂಗಿಯ ಜೊತೆ ಹೋಳಿಗೆ ಊಟ. ಮೂರು ಸಾವಿರ ಮಂದಿ. ಮೂರನೇ ಸಭೆಗೆ ಅಂಗಿ, ಹೋಳಿಗೆ, ಮೇಲೆ ಚೀಟಿ ಎತ್ತಿ ಒಂದು ಕುದುರೆ. ಆರು ಸಾವಿರ. ಪ್ರತಿ ಸಲವೂ ತಲೆ ಎಣಿಸಿಕೊಂಡು ಅರಮನೆಗೆ ಓಡಿ, ಇಷ್ಟು ಜನ ಕೋಡ್ ಬರೆಯೋರು ನಮ್ಮವರಾದರು ಅಂತ ಹೇಳಿ ಮುತ್ತಿನ ಹಾರ ಹಾಕಿಸಿಕೊಂಡು ಬಂದ.

ನೀಲವ್ವ ಬಾಗಿಲ ಪಕ್ಕ ತನ್ನ ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತಿದ್ದಳು. ಒಂದೊಂದು ಸಭೆಗೆ ಒಬ್ಬೊಬ್ಬರು ಬಂದು ಹತ್ತಿರ ಕೂತರು. ಒಬ್ಬ ನಿಮ್ಮ ಸಾಫ್ಟ್‌ವೇರ್ ಮೊದಲ ಹೆಜ್ಜೆಯಲ್ಲೇ ಕೆಡುತ್ತೆ ಅಂದ. ಇನ್ನೊಬ್ಬಳು ನೀವು ಬರೆದ ವಿವರಣೆ ಅರ್ಥವಾಗಲ್ಲ ಅಂದಳು. ಮತ್ತೊಬ್ಬ ಬೈದೇಬಿಟ್ಟ. ನೀಲವ್ವ ಮೂವರ ಮಾತನ್ನೂ ಕೇಳಿ, ಕೆಟ್ಟದ್ದನ್ನ ಅವರೆದುರೇ ಸರಿಮಾಡಿ ಕಳಿಸಿದಳು.

"ಮೂರು ಸಭೆಗೆ ಮೂರು ಜನ. ನಾಚಿಕೆ ಆಗಲ್ವೇನೇ ನಿನಗೆ?" ಅಂದ ಚಂಪಕರಾಯ. ನಾಲ್ಕನೇ ಸಭೆ ಮುಗಿದ ಮೇಲೆ ಗಂಟು ಕಟ್ಟು ಅಂತಲೂ ಹೇಳಿದ.

ನೀಲವ್ವನಿಗೆ ಕೆಲಸ ಹೋಗೋ ದುಃಖಕ್ಕಿಂತ ಏರುತ್ತಿರೋ ಹೊಳೆಯ ಚಿಂತೆ. ನೆಟ್ಟಗೆ ದೊರೆಯ ಹತ್ತಿರ ಹೋಗಿ, ಮಾರುವೇಷದಲ್ಲಿ ಬಂದು ಬಾಗಿಲಲ್ಲಿ ತನ್ನ ಪಕ್ಕ ನಿಲ್ಲಬೇಕು ಅಂತ ಬೇಡಿಕೊಂಡಳು. "ನಮ್ಮ ಸಾಫ್ಟ್‌ವೇರ್ ತೆರೆದ ಕೂಡಲೇ 'ಈ ದಡವೋ, ಆ ದಡವೋ?' ಅಂತ ಕೇಳುತ್ತೆ, ದೊರೆಗಳೇ. ಒಂದು ಸಲ ಮುಟ್ಟಿದವರಿಗೂ ಅದು ಗೊತ್ತಿರುತ್ತೆ. ಬರೋರನ್ನೆಲ್ಲ ನಾನು ಅದೊಂದೇ ಮಾತು ಕೇಳ್ತೀನಿ."

ನಾಲ್ಕನೇ ಸಭೆಗೆ ಒಂಬತ್ತು ಸಾವಿರ ಮಂದಿ ನುಗ್ಗಿದರು. ನೀಲವ್ವ ಒಬ್ಬೊಬ್ಬರನ್ನೂ ತಡೆದು ಕೇಳಿದಳು, ಈ ದಡವೋ, ಆ ದಡವೋ. ಒಬ್ಬ ಊಟ ಯಾವ ಕಡೆ ಇದೆಯೋ ಆ ದಡ ಅಂದ. ಒಬ್ಬ ತನ್ನ ಅಳತೆಯ ಅಂಗಿ ಎಲ್ಲಿ ಅಂದ. ಒಬ್ಬಳು ಕುದುರೆ ಬಿಳಿಯದೋ ಕರಿಯದೋ ಅಂತ ತಿರುಗಿ ಕೇಳಿದಳು. ಮಾರುವೇಷದಲ್ಲಿ ಪಕ್ಕ ನಿಂತಿದ್ದ ದೊರೆಯ ಮುಖ ಕಪ್ಪಿಟ್ಟಿತು.

ಕೊನೆಗೆ ಹಾರಗಳ ಭಾರಕ್ಕೆ ಬಗ್ಗಿಕೊಂಡು ಚಂಪಕರಾಯನೇ ಬಂದ.

"ಈ ದಡವೋ, ಆ ದಡವೋ, ರಾಯರೇ?" ಅಂದಳು ನೀಲವ್ವ.

"ಎಂಥಾ ದಡ? ದಾರಿ ಬಿಡೇ ಹುಚ್ಚಿ."

ಪಕ್ಕದಲ್ಲಿದ್ದ ದೊರೆ ಮುಂಡಾಸು ತೆಗೆದ. ಚಂಪಕರಾಯ ಹಾರಗಳ ಸಮೇತ ಕಾಲಿಗೆ ಬಿದ್ದ. ಊರೆಲ್ಲ ಸಾರಿದ ಸಾಫ್ಟ್‌ವೇರನ್ನ ಆ ಮಹಾನುಭಾವ ಒಮ್ಮೆಯೂ ತೆರೆದಿರಲಿಲ್ಲ.

ಅಷ್ಟರಲ್ಲಿ ನೀಲವ್ವನ ಹತ್ತಿರ ಕೂತು ಹೋಗಿದ್ದ ಆ ಮೂವರು ಬಂದರು. ಹಿಂದೆ ಅವರ ಗೆಳೆಯರು, ಗೆಳೆಯರ ಗೆಳೆಯರು, ಒಟ್ಟು ನಲವತ್ತು ಜನ. ಇವರನ್ನ ಯಾರೂ ಕರೆದಿರಲಿಲ್ಲ. ಕೇಳಿದ ಕೂಡಲೇ ಒಟ್ಟಿಗೆ "ಆ ದಡ" ಅಂದು ನಕ್ಕರು. ಅವರು ಅದನ್ನ ತಂತಮ್ಮ ಆ್ಯಪಿಗೆ ಸೇರಿಸಿಕೊಂಡಿದ್ದೇ, ಎಂಟೇ ದಿನದಲ್ಲಿ ಹೊಳೆಯಂಚಿನ ಅಷ್ಟೂ ಊರಿಗೆ ದೋಣಿ ಸುದ್ದಿ ಮುಟ್ಟಿತು. ಆ ಮಳೆಗಾಲ ಹೊಳೆ ಯಾರನ್ನೂ ಒಯ್ಯಲಿಲ್ಲ. ನೀಲವ್ವ ಅಕ್ಕನನ್ನ ನೆನೆದು ದಡದಲ್ಲಿ ಕೂತು ಮನಸಾರೆ ಅತ್ತಳು.

ಚಂಪಕರಾಯನ ಕೆಲಸ ನೀಲವ್ವನಿಗೆ ಬಂತು. ಆ ಸಾಫ್ಟ್‌ವೇರನ್ನ ಸ್ವಂತ ಕೈಯಿಂದ ನಡೆಸಿ ತೋರಿಸೋವರೆಗೂ ಆಸ್ಥಾನದಲ್ಲಿ ಬಾಯಿ ತೆರೆಯಕೂಡದು ಅಂತ ದೊರೆ ಅವನಿಗೆ ಅಪ್ಪಣೆ ಮಾಡಿದ. ಅವನು ಇವತ್ತಿಗೂ ಮೊದಲ ಪುಟದಲ್ಲೇ ಇದ್ದಾನಂತೆ. ಆಸ್ಥಾನ ಬಲು ನೆಮ್ಮದಿಯಾಗಿದೆಯಂತೆ.

ತಿಳೀತಲ್ಲ ಮಕ್ಕಳೇ? ಆಸೆ ತೋರಿಸಿ ಕೂಡಿಸಿದ ಜನ ಊಟ ಮುಗಿಸಿ ಎದ್ದುಹೋಗುತ್ತಾರೆ. ಕಷ್ಟ ಕೇಳಿ ಕೈಹಿಡಿದರೆ ಒಬ್ಬರೇ ಬಂದರೂ ಹತ್ತು ಜನರನ್ನ ಕರೆತರುತ್ತಾರೆ.